ಸಿಇಟಿ ರ‍್ಯಾಂಕ್ ಬಂದ ಮೇಲೆ ಕಾಲೇಜು ಆರಿಸುವ ಕೆಲಸ

ರ‍್ಯಾಂಕ್ ಬಂದ ಸಂಜೆ ಮನೆಮನೆಯಲ್ಲೂ ಒಂದೇ ಮಾತು: "ಈ ರ‍್ಯಾಂಕಿಗೆ ಎಲ್ಲಿ ಸಿಗುತ್ತೆ?" ಇದಕ್ಕೆ ಉತ್ತರ ಹುಡುಕುವುದು ಅಷ್ಟೇನೂ ಕಷ್ಟವಲ್ಲ, ಹಿಂದಿನ ವರ್ಷಗಳ ಕಟಾಫ್ ಪಟ್ಟಿ (ಯಾವ ಸೀಟು ಕೊನೆಗೆ ಎಷ್ಟನೇ ರ‍್ಯಾಂಕಿಗೆ ಮುಗಿಯಿತೆಂಬ ಪಟ್ಟಿ) ತೆರೆದರೆ ಅರ್ಧ ಗಂಟೆಯಲ್ಲಿ ಅಂದಾಜು ಸಿಗುತ್ತದೆ. ಕಷ್ಟದ ಪ್ರಶ್ನೆ ಬೇರೆಯದು: "ಸಿಕ್ಕರೆ ಹೋಗಿ ಸೇರುತ್ತೇವೆಯೇ?" ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ ಹಂತಕ್ಕೆ) ಕೂತವರೇ ಸೀಟು ಹಂಚಿಕೆಯಾದ ರಾತ್ರಿ ತಲೆಯ ಮೇಲೆ ಕೈಹೊತ್ತು ಕೂರುವುದು. ಇಲ್ಲಿ ಹೇಳುವುದೆಲ್ಲ ನಾಲ್ಕು ವರ್ಷದ ಬಿ.ಇ. ಸೀಟಿಗೆ ಹೊರಟವರ ಹಾದಿಯ ಬಗ್ಗೆ. ಬಿ.ಎಸ್ಸಿ. ಕೃಷಿ, ಬಿ.ಫಾರ್ಮಾದಂತಹ ನಾಲ್ಕು ವರ್ಷದ ಕೋರ್ಸುಗಳೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಬಾಗಿಲಿನಿಂದಲೇ ಸಾಗುವುದರಿಂದ ಪಟ್ಟಿ ಕಟ್ಟುವ ತರ್ಕ ಅಲ್ಲಿಗೂ ಹೊಂದುತ್ತದೆ.

ಮೊದಲು ರ‍್ಯಾಂಕ್ ಸರಿಯಾಗಿದೆಯೇ ನೋಡಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು, ಇನ್ನರ್ಧ ಸಿಇಟಿಯದ್ದು. ಪಿಯುಸಿಯಲ್ಲಿ 300ಕ್ಕೆ 270 ಬಂದಿದ್ದರೆ ಶೇ. 90, ಅದರರ್ಧ 45. ಸಿಇಟಿಯಲ್ಲಿ 180ಕ್ಕೆ 90 ಬಂದಿದ್ದರೆ ಶೇ. 50, ಅದರರ್ಧ 25. ಒಟ್ಟು 70. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ಕೆಇಎ ತೋರಿಸುವ ಅಂಕಗಳೊಂದಿಗೆ ತಾಳೆ ನೋಡಿ. ಸಿಬಿಎಸ್ಇ, ಐಎಸ್‌ಸಿ ಮಕ್ಕಳು ಹನ್ನೆರಡನೇ ತರಗತಿಯ ಅಂಕಗಳನ್ನು ಪೋರ್ಟಲ್‌ನಲ್ಲಿ ತಾವೇ ತುಂಬಬೇಕು. ಅದನ್ನು ಮರೆತು, ಸಿಇಟಿ ಚೆನ್ನಾಗಿ ಬರೆದರೂ ರ‍್ಯಾಂಕ್ ಬರಲಿಲ್ಲವೆಂದು ಪರದಾಡುವವರು ಪ್ರತಿ ವರ್ಷ ಇರುತ್ತಾರೆ. ಪಿಯುಸಿ ಎರಡನೇ ಪರೀಕ್ಷೆ ಬರೆದು ಅಂಕ ಏರಿಸಿಕೊಂಡವರು ಹೊಸ ಅಂಕಗಳು ಸೇರಿವೆಯೇ ಎಂದು ನೋಡಲೇಬೇಕು. ರ‍್ಯಾಂಕ್ ಪಟ್ಟಿಯ ನಡುಭಾಗದಲ್ಲಿ ದಶಮಾಂಶದಷ್ಟು ವ್ಯತ್ಯಾಸವಾದರೂ ನೂರಾರು ಮಂದಿ ಹಿಂದೆ ಮುಂದೆ ಆಗುತ್ತಾರೆ.

ಆಮೇಲೆ ದಾಖಲೆ. ಈ ಹಂತ ಬೇಸರದ್ದು, ಆದರೆ ಸೀಟು ತಪ್ಪುವುದು ಹೆಚ್ಚಾಗಿ ಇಲ್ಲೇ. ರಾಜ್ಯದ ಸೀಟಿಗೆ ಅರ್ಹತೆ ಬರುವ ಸಾಮಾನ್ಯ ದಾರಿಯೆಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಎರಡರಲ್ಲೊಂದನ್ನು ಇಲ್ಲೇ ಪಾಸಾಗಿರಬೇಕು. ಗಡಿನಾಡು, ಹೊರನಾಡು ಕನ್ನಡಿಗರಿಗೆ, ಸೈನಿಕರ ಮಕ್ಕಳಿಗೆ ಬೇರೆ ಕಲಮುಗಳಿವೆ. ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆಯನ್ನು ಕಂಪ್ಯೂಟರ್ ನಾಡಕಚೇರಿಯ ದತ್ತಾಂಶದೊಂದಿಗೆ ಹೋಲಿಸುತ್ತದೆ. ಮೂರು ಕಾರಣಕ್ಕೆ ಇದು ಕೈಕೊಡುತ್ತದೆ: ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನ ಬದಲು ತಂದೆಯ ಹೆಸರಿನಲ್ಲಿರುವುದು, ಅಂಕಪಟ್ಟಿಯ ಹೆಸರಿಗೂ ಪ್ರಮಾಣಪತ್ರದ ಹೆಸರಿಗೂ ಕಾಗುಣಿತ ಹೊಂದದಿರುವುದು, ಅವಧಿ ಮುಗಿದಿರುವುದು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1ರ ಜಾತಿ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. 2ಎ, 2ಬಿ, 3ಎ, 3ಬಿಯವರ ಜಾತಿ ಮತ್ತು ಆದಾಯ ಪತ್ರಕ್ಕೆ ಐದು ವರ್ಷ ಮಾತ್ರ ಆಯಸ್ಸು. ಎಂಟನೇ ತರಗತಿಯ ಸ್ಕಾಲರ್‌ಶಿಪ್‌ಗೆಂದು ಮಾಡಿಸಿದ್ದು ಇನ್ನೂ ನಡೆಯುತ್ತದೆಯೆಂದು ನಂಬಿ ಕೂರಬೇಡಿ, ಅದರ ದಿನಾಂಕ ನೋಡಿ.

ಗ್ರಾಮೀಣ ಕೋಟಾದ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದರಿಂದ ಹತ್ತನೇ ತರಗತಿವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನೋಡಲು ಹಳ್ಳಿಯಂತಿದ್ದರೂ ಪಟ್ಟಣ ಪಂಚಾಯಿತಿ ಆಗಿರುವ ಊರು ಇದರಲ್ಲಿ ಸೇರದು. ಒಂದೇ ವರ್ಷ ಪೇಟೆಯ ಶಾಲೆಗೆ ಹೋಗಿದ್ದರೂ ಕೋಟಾ ಕೈತಪ್ಪುತ್ತದೆ. ಕನ್ನಡ ಮಾಧ್ಯಮ ಕೋಟಾಕ್ಕೂ ಇದೇ ಹತ್ತು ವರ್ಷದ ಲೆಕ್ಕ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು 371(ಜೆ) ಪ್ರಮಾಣಪತ್ರವನ್ನು (ಕಲ್ಯಾಣ ಕರ್ನಾಟಕದವರೆಂಬ ಅರ್ಹತಾ ಪತ್ರವನ್ನು) ಉಪವಿಭಾಗಾಧಿಕಾರಿ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಅದರ ಮೇಲೆ ನಿಂತಿವೆ. ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲೂ ಈ ಶೇ. 8 ಇದೆ ಎಂಬುದು ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ.

ಈಗ ಸೀಟಿನ ಲೆಕ್ಕ. ಅಲ್ಪಸಂಖ್ಯಾತವಲ್ಲದ ಖಾಸಗಿ ಕಾಲೇಜೊಂದರಲ್ಲಿ ಒಂದು ಬ್ರಾಂಚಿಗೆ 60 ಸೀಟು ಎಂದುಕೊಳ್ಳಿ. ಶೇ. 45 ಕೆಇಎಗೆ, ಅಂದರೆ 27. ಶೇ. 30 ಕಾಮೆಡ್‌ಕೆಗೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಬೇರೆ ಪ್ರವೇಶ ಪರೀಕ್ಷೆಗೆ), 18. ಉಳಿದ 15 ಮ್ಯಾನೇಜ್‌ಮೆಂಟಿಗೆ. ಆ 27ರಲ್ಲಿ ಪರಿಶಿಷ್ಟ ಜಾತಿಗೆ ಶೇ. 17, ಪಂಗಡಕ್ಕೆ ಶೇ. 7, ಹಿಂದುಳಿದ ವರ್ಗಗಳಿಗೆ ಶೇ. 32 ತೆಗೆದರೆ ಸಾಮಾನ್ಯ ವರ್ಗಕ್ಕೆ ಉಳಿಯುವುದು ಹತ್ತು ಹನ್ನೆರಡು ಸೀಟು. ಆ ಹತ್ತು ಹನ್ನೆರಡರಲ್ಲೂ ಗ್ರಾಮೀಣ, ಕನ್ನಡ ಮಾಧ್ಯಮದ ಪಾಲು ಬೇರೆ. ಹಾಗಾಗಿ ಕಟಾಫ್ ಪಟ್ಟಿಯಲ್ಲಿ ಒಂದು ವರ್ಷ 14 ಸಾವಿರ, ಮುಂದಿನ ವರ್ಷ 19 ಸಾವಿರ ಎಂದಿದ್ದರೆ ಗಾಬರಿಯಾಗಬೇಕಿಲ್ಲ. ಇಷ್ಟೇ ಸೀಟುಗಳ ಕೊನೆಯ ರ‍್ಯಾಂಕ್ ಎಂದ ಮೇಲೆ ಇಬ್ಬರು ಮನಸ್ಸು ಬದಲಿಸಿದರೂ ಅದು ಜಿಗಿಯುತ್ತದೆ.

ಕಟಾಫ್ ಓದುವ ಕ್ರಮವನ್ನು ಚೆನ್ನಾಗಿ ತಿಳಿದಿರಬೇಕು. ಜಿಎಂ ಎಂದರೆ ಸಾಮಾನ್ಯ, ಜಿಎಂಆರ್ ಎಂದರೆ ಸಾಮಾನ್ಯದಲ್ಲಿ ಗ್ರಾಮೀಣ, ಜಿಎಂಕೆ ಕನ್ನಡ ಮಾಧ್ಯಮ. ಹಾಗೆಯೇ 2ಎಜಿ, 2ಎಆರ್, 2ಎಕೆ. 2ಎ ಗ್ರಾಮೀಣ ಅಭ್ಯರ್ಥಿಯೊಬ್ಬರು ಜಿಎಂ, ಜಿಎಂಆರ್, 2ಎಜಿ, 2ಎಆರ್ ನಾಲ್ಕನ್ನೂ ನೋಡಬೇಕು, ಯಾವುದರಲ್ಲಿ ಒಳಗೆ ಬಂದರೂ ಸೀಟು ಅವರದೇ. ಒಂದೇ ಕಾಲಂ ನೋಡಿ "ನಮಗೆ ಸಿಗಲ್ಲ" ಎಂದು ಬಿಡುವವರೇ ಜಾಸ್ತಿ. ಎರಡನೆಯದಾಗಿ, ಯಾವ ಸುತ್ತಿನ ಕಟಾಫ್ ಎಂದು ತಲೆಬರಹ ನೋಡಿ. ಮೊದಲ ಸುತ್ತಿನದ್ದು ಬಿಗಿ. ಮುಂದಿನ ಸುತ್ತುಗಳಲ್ಲಿ ಐಐಟಿ, ಎನ್ಐಟಿ, ಕಾಮೆಡ್‌ಕೆ ಕಡೆಗೆ ಹೋದವರು ಬಿಟ್ಟ ಸೀಟುಗಳು ತೆರವಾಗಿ ರ‍್ಯಾಂಕ್ ಕೆಳಗಿಳಿಯುತ್ತದೆ, ಅಂದರೆ ಸಂಖ್ಯೆ ದೊಡ್ಡದಾಗುತ್ತದೆ. ಕನಿಷ್ಠ ಎರಡು ವರ್ಷದ ಮೊದಲ ಮತ್ತು ಕೊನೆಯ ಸುತ್ತನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ರ‍್ಯಾಂಕ್ ಎಲ್ಲಿ ನಿಲ್ಲುತ್ತದೆಂಬ ಅಂದಾಜು ಬರುತ್ತದೆ. ಮೂರನೆಯದು, ಆ ಬ್ರಾಂಚಿನ ಸೀಟುಗಳ ಸಂಖ್ಯೆ ಈ ವರ್ಷ ಬದಲಾಗಿದೆಯೇ ಎಂಬುದು. ಕಂಪ್ಯೂಟರ್ ಸೈನ್ಸ್ 180 ಇದ್ದದ್ದು 300 ಆಗಿದ್ದರೆ ಹಳೆಯ ಕಟಾಫ್ ಬೆಲೆ ಕಳೆದುಕೊಳ್ಳುತ್ತದೆ.

ಎಸ್ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಎಂಬುದು ಬೇರೆಯೇ ಗಂಟು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಒಟ್ಟು ಸೀಟುಗಳ ಮೇಲೆ ಹೆಚ್ಚುವರಿ ಶೇ. 5ಕ್ಕೆ ಬೋಧನಾ ಶುಲ್ಕ ಮನ್ನಾ. ಅರವತ್ತಕ್ಕೆ ಮೂರೇ ಸೀಟು. ಜಾತಿಯ ಗೊಡವೆಯಿಲ್ಲ, ರ‍್ಯಾಂಕ್ ಒಂದೇ ಲೆಕ್ಕಕ್ಕೆ. ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ, ವಿಶ್ವವಿದ್ಯಾಲಯದ ಮತ್ತಿತರ ಶುಲ್ಕ ಕಟ್ಟಲೇಬೇಕು. ಅರ್ಜಿಯಲ್ಲೇ ಕೋರಿರಬೇಕು, ಆಮೇಲೆ ಕೇಳಿದರೆ ಆಗದು.

ಹಣದ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಖಾಸಗಿ ಕಾಲೇಜಿನಲ್ಲಿ ಕೆಇಎ ಸೀಟಿಗೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸು, ಅದೇ ಕಾಲೇಜಿನ ಕಾಮೆಡ್‌ಕೆ ಸೀಟಿಗೆ ಅದಕ್ಕಿಂತ ಬಹಳ ಹೆಚ್ಚು. ಸರ್ಕಾರಿ ಮತ್ತು ಅನುದಾನಿತ ಸೀಟುಗಳು ಇವೆರಡಕ್ಕಿಂತ ಎಷ್ಟೋ ಅಗ್ಗ. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್ಐಇ, ಮಂಡ್ಯದ ಪಿಇಎಸ್, ಹಾಸನದ ಮಲೆನಾಡು, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿಡಿಎಯಂತಹ ಹಳೆಯ ಕಾಲೇಜುಗಳಲ್ಲಿ ಕೆಲವು ಬ್ರಾಂಚುಗಳು ಅನುದಾನಿತ, ಕೆಲವು ಅನುದಾನರಹಿತ. ಆಪ್ಷನ್ ಎಂಟ್ರಿಯ ಪರದೆಯಲ್ಲಿ ಶುಲ್ಕದ ಕಾಲಂ ನೋಡದೆ ಕಾಲೇಜಿನ ಹೆಸರನ್ನಷ್ಟೇ ನೋಡಿ ಹಾಕಿದರೆ ಅಗ್ಗದ ಸೀಟು ಕಣ್ಣು ತಪ್ಪಿಹೋಗುತ್ತದೆ.

ಶುಲ್ಕದಷ್ಟೇ ಭಾರದ್ದು ವಾಸದ ಖರ್ಚು. ಬೆಂಗಳೂರಿನ ಪಿಜಿಗೆ ತಿಂಗಳಿಗೆ 9,000 ಎಂದಿಟ್ಟುಕೊಂಡರೂ ವರ್ಷಕ್ಕೆ ಹತ್ತು ತಿಂಗಳಂತೆ ನಾಲ್ಕು ವರ್ಷಕ್ಕೆ 3,60,000. ಸರ್ಕಾರಿ ಸೀಟು ಸಿಕ್ಕವರಿಗೆ ಇದು ಶುಲ್ಕವನ್ನೇ ಮೀರಿಸುತ್ತದೆ. ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಳ್ಳೆಯ ಕಾಲೇಜನ್ನು ಬಿಟ್ಟು, ಬೆಂಗಳೂರು ಎಂಬ ಒಂದೇ ಹೆಸರಿಗಾಗಿ ಹೊರವಲಯದ ಹೊಸ ಕಾಲೇಜಿಗೆ ಹೋಗುವುದು ದೂರದ ಬೆಟ್ಟ ನುಣ್ಣಗೆ ಎಂಬ ಮಾತಿಗೆ ಸರಿಯಾದ ಉದಾಹರಣೆ. ಆ ಕಾಲೇಜಿನಿಂದ ಮೆಜೆಸ್ಟಿಕ್‌ಗೆ ಬರಲು ಎರಡು ಗಂಟೆ ಹಿಡಿದರೆ ಬೆಂಗಳೂರು ಸಿಕ್ಕ ಹಾಗೂ ಆಗಲಿಲ್ಲ.

ಕಾಲೇಜೋ ಬ್ರಾಂಚೋ ಎಂಬ ಜಗಳ ಎಲ್ಲ ಮನೆಯಲ್ಲೂ ಇದೆ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳಿವೆ. ಅವುಗಳ ನಡುವಿನ ಅಂತರ ಬ್ರಾಂಚುಗಳ ನಡುವಿನ ಅಂತರಕ್ಕಿಂತ ದೊಡ್ಡದು ಎಂಬುದು ಈ ಲೇಖನದ ಅಭಿಪ್ರಾಯ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬೇಕಾದವರಿಗಂತೂ ಹಳೆಯ ಕಾಲೇಜೇ ಸರಿ. 1917ರಲ್ಲಿ ವಿಶ್ವೇಶ್ವರಯ್ಯನವರು ಆರಂಭಿಸಿದ ಯುವಿಸಿಇ, 1946ರ ಬಿಎಂಎಸ್ ಮತ್ತು ಎನ್ಐಇ, 1947ರ ಹುಬ್ಬಳ್ಳಿಯ ಬಿವಿಬಿ (ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ), 1951ರ ದಾವಣಗೆರೆಯ ಯುಬಿಡಿಟಿಯಂತಹ ಕಡೆ ದಶಕಗಳ ವರ್ಕ್‌ಶಾಪು, ಯಂತ್ರಗಳು, ಎಲ್ಲೆಡೆ ಹರಡಿದ ಹಳೆಯ ವಿದ್ಯಾರ್ಥಿಗಳು ಇದ್ದಾರೆ. ಕಟ್ಟಡ ಹಳತಾಗಿರಬಹುದು, ಹಾಸ್ಟೆಲಿನ ಗೋಡೆ ಸುಣ್ಣ ಕಾಣದೆ ವರ್ಷಗಳಾಗಿರಬಹುದು. ಅದನ್ನು ನೋಡಿ ಬೇಡವೆನ್ನುವುದು ತಪ್ಪು. ಕಂಪ್ಯೂಟರ್ ಕಡೆಯವರಿಗೆ ಇನ್ನೊಂದು ಮಾತು: ಇನ್ಫರ್ಮೇಷನ್ ಸೈನ್ಸ್, ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಹೆಸರು ಬೇರೆಯಾದರೂ ಮೊದಲ ಮೂರ್ನಾಲ್ಕು ಸೆಮಿಸ್ಟರಿನ ಪಾಠ ಬಹುಪಾಲು ಒಂದೇ. ಆದರೆ ಕಟಾಫ್ ಬೇರೆ. ಒಳ್ಳೆಯ ಕಾಲೇಜಿನ ಸಿಎಸ್ ಕೈಗೆಟುಕದಿದ್ದರೆ ಅದೇ ಕಾಲೇಜಿನ ಈ ಸೋದರ ಬ್ರಾಂಚುಗಳನ್ನು ಹಾಕಿ, ಆಮೇಲೆ ಕೆಳಗಿನ ಕಾಲೇಜಿನ ಸಿಎಸ್‌ಗೆ ಬನ್ನಿ.

ಸ್ವಾಯತ್ತ ಕಾಲೇಜು, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಂಯೋಜಿತ ಕಾಲೇಜು ಎಂಬ ಭೇದವೂ ತಿಳಿದಿರಲಿ. ಬೆಳಗಾವಿಯಲ್ಲಿ 1998ರಲ್ಲಿ ಹುಟ್ಟಿದ ವಿಟಿಯುವೇ ಎರಡೂ ಕಡೆ ಪದವಿ ಕೊಡುವುದು. ಸ್ವಾಯತ್ತ ಕಾಲೇಜು ಪಠ್ಯ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ ತಾನೇ ಮಾಡುತ್ತದೆ, ಫಲಿತಾಂಶ ಬೇಗ ಬರುತ್ತದೆ. ಸಂಯೋಜಿತ ಕಾಲೇಜಿನಲ್ಲಿ ಪರೀಕ್ಷೆ ವಿಶ್ವವಿದ್ಯಾಲಯದ್ದು. ಅಲ್ಲಿ ಆಂತರಿಕ ಅಂಕ 50, ಸೆಮಿಸ್ಟರ್ ಕೊನೆಯ ಪರೀಕ್ಷೆ 100ಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಹಾಜರಾತಿ ಶೇ. 85 ಬೇಕು. ಬಿಡಿಗೆಲಸ ಮಾಡಿಕೊಂಡು ಓದುತ್ತೇನೆ ಎನ್ನುವವರು ಈ ಶೇ. 85ನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ, ಆದರೆ ಅಡ್ಮಿಷನ್ ಕೌಂಟರಿಗೆ ಅಲ್ಲ. ತರಗತಿ ನಡೆಯುವ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಕೊನೆಯ ವರ್ಷದವರನ್ನು ಮಾತಾಡಿಸಿ. ನಿಮ್ಮ ಬ್ರಾಂಚಿನಿಂದ ಎಷ್ಟು ಮಂದಿಗೆ ಕೆಲಸ ಸಿಕ್ಕಿದೆ, ನಡುವಿನ (ಮೀಡಿಯನ್) ಸಂಬಳ ಎಷ್ಟು, ಈ ಸೆಮಿಸ್ಟರಿನಲ್ಲಿ ಎಷ್ಟು ಮೇಷ್ಟ್ರು ಬಿಟ್ಟು ಹೋದರು ಎಂದು ಕೇಳಿ. ಫ್ಲೆಕ್ಸಿನ ಮೇಲಿರುವ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬರ ಕಥೆ, ನಡುವಿನದ್ದು ತರಗತಿಯ ಕಥೆ. "ಶೇ. 95 ಪ್ಲೇಸ್‌ಮೆಂಟ್" ಎಂದರೆ ಯಾವುದರ ಶೇ. 95? ಬಹಳ ಕಡೆ ಬ್ಯಾಕ್‌ಲಾಗ್ ಇದ್ದವರನ್ನು, ಹೆಸರು ನೋಂದಾಯಿಸದವರನ್ನು ಕಳೆದು ಉಳಿದವರ ಮೇಲೆ ಈ ಲೆಕ್ಕ. ಒಬ್ಬರಿಗೇ ಬಂದ ಎರಡು ಆಫರನ್ನು ಎರಡು ಎಂದು ಎಣಿಸುವುದೂ ಉಂಟು. ಎನ್‌ಬಿಎ (ತಾಂತ್ರಿಕ ಕೋರ್ಸುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಕಾಲೇಜಿಗಲ್ಲ, ಬ್ರಾಂಚಿಗೆ. ನಿಮ್ಮ ಬ್ರಾಂಚಿಗೆ ಇದೆಯೇ, ಯಾವ ವರ್ಷದವರೆಗೆ ಇದೆ ಎಂದು ನೋಡಿ. ಕೆಇಎ ಸೀಟಿನವರಿಂದ "ಸ್ಕಿಲ್ ಲ್ಯಾಬ್", "ಇತರೆ" ಎಂದು ಎಷ್ಟು ವಸೂಲಿ ಮಾಡುತ್ತಾರೆಂದು ವಿದ್ಯಾರ್ಥಿಗಳೇ ನೇರವಾಗಿ ಹೇಳುತ್ತಾರೆ, ಕಚೇರಿ ಹೇಳುವುದಿಲ್ಲ.

ಇಷ್ಟಾದ ಮೇಲೆ ಪಟ್ಟಿ. ಕಂಪ್ಯೂಟರಿನ ಮುಂದೆ ಕೂತು ಹೊಂದಿಸುವ ಕೆಲಸವಲ್ಲ ಇದು, ಮೊದಲು ಹಾಳೆಯ ಮೇಲೆ ಬರೆಯಬೇಕು. ಹಂಚಿಕೆ ನಡೆಯುವ ರೀತಿ ಸರಳ: ಮೊದಲ ರ‍್ಯಾಂಕಿನಿಂದ ಶುರುಮಾಡಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಗೆ ಓದುತ್ತಾರೆ, ಮೊದಲು ಎಲ್ಲಿ ಖಾಲಿ ಇದೆಯೋ ಅಲ್ಲಿ ನಿಲ್ಲಿಸುತ್ತಾರೆ. ಮೇಲೆ ಸಿಗಲಾರದ ಕಾಲೇಜನ್ನು ಹಾಕಿದ್ದಕ್ಕೆ ಕೆಳಗಿನದ್ದು ಕೈತಪ್ಪುವುದಿಲ್ಲ. ನಿಮ್ಮ ರ‍್ಯಾಂಕ್ 18 ಸಾವಿರ, ನಿಮಗಿಷ್ಟವಾದ ಕಾಲೇಜು ಹೋದ ವರ್ಷ 12 ಸಾವಿರಕ್ಕೆ ಮುಗಿದಿತ್ತು, ಎರಡನೆಯದು 17,500ಕ್ಕೆ, ಮೂರನೆಯದು 25 ಸಾವಿರಕ್ಕೆ ಎಂದುಕೊಳ್ಳಿ. ಹಾಕಬೇಕಾದ ಕ್ರಮ ಹಾಗೇ ಒಂದು, ಎರಡು, ಮೂರು. "ಹೇಗೂ ಸಿಗಲ್ಲ" ಎಂದು ಮೂರನೆಯದನ್ನು ಮೇಲೆ ಹಾಕಿದರೆ ಮೂರನೆಯದೇ ಸಿಗುತ್ತದೆ, ಎರಡನೆಯದು 18,500ಕ್ಕೆ ಮುಗಿದದ್ದು ಆಮೇಲೆ ಗೊತ್ತಾಗುತ್ತದೆ. ಭಯದಿಂದ ಹಾಕಿದ ಕ್ರಮಕ್ಕೆ ಕಂಪ್ಯೂಟರ್ ಕರುಣೆ ತೋರುವುದಿಲ್ಲ, ಬರೆದದ್ದನ್ನು ಬರೆದಂತೆ ಓದುತ್ತದೆ. ಪ್ರತಿ ಸಾಲಿನ ಮುಂದೆಯೂ ಒಂದೇ ಪ್ರಶ್ನೆ: ಇದು ಸಿಕ್ಕರೆ, ಇದರ ಕೆಳಗಿನ ಸಾಲಿಗಿಂತ ಖುಷಿಯಾಗುತ್ತದೆಯೇ? ಹೌದಾದರೆ ಕ್ರಮ ಸರಿ.

ಹೋಗಲೊಲ್ಲದ ಕಾಲೇಜನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. "ಇರಲಿ ಬಿಡು" ಎಂದು ಹಾಕಿದ್ದೇ ಸಿಕ್ಕಿಬಿಡುವುದು ಈ ಆಟದ ಸ್ವಭಾವ. ಇನ್ನೊಂದು ತುದಿಯ ತಪ್ಪು ಹತ್ತೇ ಆಪ್ಷನ್ ಹಾಕಿ ಕೈಕಟ್ಟಿ ಕೂರುವುದು. ನಡುವಿನ ರ‍್ಯಾಂಕಿನವರು ಅರವತ್ತು ಎಪ್ಪತ್ತು ಹಾಕಿದರೂ ಹೆಚ್ಚಲ್ಲ, ನಿಮ್ಮ ಅಂದಾಜಿಗಿಂತ ಸಾಕಷ್ಟು ಕೆಳಗಿನ ಕಟಾಫಿನವರೆಗೂ ಪಟ್ಟಿ ಇಳಿಯಬೇಕು. ಅಣಕು ಹಂಚಿಕೆ (ನಿಜವಾದ ಸುತ್ತಿಗೆ ಮುಂಚಿನ ಪ್ರಾಯೋಗಿಕ ಹಂಚಿಕೆ) ಬಂದಾಗ ಅದನ್ನೇ ಸೀಟೆಂದು ಸಿಹಿ ಹಂಚಬೇಡಿ. ಅದನ್ನು ನೋಡಿ ಎಲ್ಲರೂ ಪಟ್ಟಿ ತಿದ್ದುತ್ತಾರೆ, ಹಾಗಾಗಿ ನಿಜವಾದ ಸುತ್ತಿನಲ್ಲಿ ಮೇಲೂ ಹೋಗಬಹುದು, ಕೆಳಗೂ. ಹೊಸ ಆಪ್ಷನ್ ಸೇರಿಸಲು ಅದೇ ಒಳ್ಳೆಯ ಸಮಯ, ಮೊದಲ ಸುತ್ತು ಮುಗಿದ ಮೇಲೆ ಸಾಮಾನ್ಯವಾಗಿ ಅಳಿಸಲು, ಕ್ರಮ ಬದಲಿಸಲು ಮಾತ್ರ ಬಿಡುತ್ತಾರೆ.

ಮೊದಲ ಸುತ್ತಿನ ಸೀಟು ಬಂದ ಮೇಲೆ ನಾಲ್ಕು ದಾರಿ. ಒಂದನೇ ಆಯ್ಕೆ: ತೃಪ್ತಿಯಾಗಿದೆ, ಶುಲ್ಕ ಕಟ್ಟಿ ಸೇರುತ್ತೇನೆ. ಎರಡನೇದು: ಇದನ್ನು ಹಿಡಿದಿಟ್ಟುಕೊಂಡು ಮೇಲಿನ ಆಪ್ಷನ್‌ಗಳಿಗೆ ಕಾಯುತ್ತೇನೆ. ಮೂರನೇದು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೇದು: ಈ ಪ್ರಕ್ರಿಯೆಯೇ ಬೇಡ. ಮೂರನೆಯದರಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವ ಸಾಧ್ಯತೆ ಇದೆ, ಬೇರೆ ಕಡೆ ಸೀಟು ಖಚಿತವಿದ್ದವರು ಮಾತ್ರ ಅದನ್ನು ಒತ್ತಬೇಕು. ಎರಡನೆಯದು ಸುರಕ್ಷಿತವೆಂದು ಎಲ್ಲರೂ ನಂಬುತ್ತಾರೆ, ಅಲ್ಲೊಂದು ಮುಳ್ಳಿದೆ. ಮೇಲಿನ ಯಾವುದೇ ಆಪ್ಷನ್ ಸಿಕ್ಕಿದ ಕ್ಷಣ ಹಳೆಯ ಸೀಟು ತಾನಾಗಿ ರದ್ದು, ಹಿಂದಿರುಗುವ ದಾರಿ ಇಲ್ಲ. ಆದ್ದರಿಂದ ಎರಡನೇ ಸುತ್ತಿಗೆ ಮುಂಚೆ ಮೇಲಿನ ಸಾಲುಗಳನ್ನು ಮತ್ತೆ ಓದಿ, ಈಗ ಸಿಕ್ಕಿರುವುದಕ್ಕಿಂತ ನಿಜವಾಗಿ ಒಳ್ಳೆಯದಲ್ಲದ್ದನ್ನು ಅಳಿಸಿಬಿಡಿ. ಎರಡನೇ ಆಯ್ಕೆಗೆ ಎಷ್ಟು ಹಣ ಕಟ್ಟಬೇಕು, ಕೊನೆಯ ಸುತ್ತಿನ ಸೀಟು ಬಿಟ್ಟರೆ ದಂಡವೆಷ್ಟು ಎಂಬುದು ವರ್ಷ ವರ್ಷ ಬದಲಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಮಾತಿಗಿಂತ ಆ ವರ್ಷದ ಕೆಇಎ ಸೂಚನೆಯನ್ನೇ ಓದಿ. ಕಡೆಯ ದಿನದ ಸಂಜೆಗೆ ಸರ್ವರ್ ತೆವಳುತ್ತದೆ, ಬ್ಯಾಂಕಿನ ಒಟಿಪಿ ಬರುವುದಿಲ್ಲ. ಒಂದು ದಿನ ಮೊದಲೇ ಕಟ್ಟಿ.

ಸುರತ್ಕಲ್ ಎನ್ಐಟಿಕೆಯ ಆಸೆಯಿದ್ದವರಿಗೆ ಇದು ಬೇರೆಯೇ ಬಾಗಿಲು. ಅಲ್ಲಿ ಜೆಇಇ ಮೇನ್ ರ‍್ಯಾಂಕ್, ಜೋಸಾ (ಐಐಟಿ, ಎನ್ಐಟಿಗಳ ಕೇಂದ್ರೀಯ ಸೀಟು ಹಂಚಿಕೆ ಪ್ರಾಧಿಕಾರ) ಹಂಚಿಕೆ. ಅರ್ಧ ಸೀಟು ರಾಜ್ಯದವರಿಗೆ, ಆದರೆ "ರಾಜ್ಯದವರು" ಯಾರೆಂದು ತೀರ್ಮಾನಿಸುವುದು ಹನ್ನೆರಡನೇ ತರಗತಿ ಪಾಸಾದ ರಾಜ್ಯ. ಮಂಗಳೂರಿನಲ್ಲೇ ಹುಟ್ಟಿ ಬೆಳೆದು ಪಿಯುಸಿಗೆ ಹೈದರಾಬಾದಿಗೆ ಹೋದವರು ಅಲ್ಲಿ ಹೊರರಾಜ್ಯದವರೇ. ಧಾರವಾಡದ ಐಐಟಿ, ಐಐಐಟಿಗಳಲ್ಲಿ ಈ ರಾಜ್ಯದ ಪಾಲು ಇಲ್ಲ.

ಸೀಟು ಖಚಿತವಾದ ಮೇಲೆ ಪ್ರವೇಶ ಆದೇಶ ಡೌನ್‌ಲೋಡ್ ಮಾಡಿ, ಅದರಲ್ಲಿ ಬರೆದ ದಿನಾಂಕದೊಳಗೆ ಕಾಲೇಜಿಗೆ ಹೋಗಿ ಹಾಜರಾಗಬೇಕು. ಶುಲ್ಕ ಕಟ್ಟಿದೆವಲ್ಲ ಎಂದು ಮನೆಯಲ್ಲೇ ಉಳಿದವರ ಸೀಟು ರದ್ದಾಗುತ್ತದೆ. ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ಎಲ್ಲದರ ಎರಡೆರಡು ಸೆಟ್ ಜೆರಾಕ್ಸ್, ಫೋನಿನಲ್ಲಿ ಸ್ಕ್ಯಾನ್ ಇಟ್ಟುಕೊಳ್ಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಸ್ಕಾಲರ್‌ಶಿಪ್‌ಗೆ ಎಸ್ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಇದೇ ರಸೀದಿ ಬೇಕು, ಆಧಾರ್ ಜೋಡಣೆಯಾದ ವಿದ್ಯಾರ್ಥಿಯದ್ದೇ ಬ್ಯಾಂಕ್ ಖಾತೆ ಬೇಕು. ವಿಟಿಯು ಕಾಲೇಜಾದರೆ ಕೆಲವು ತಿಂಗಳಲ್ಲಿ ಯುಎಸ್ಎನ್ (ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಖ್ಯೆ) ಬರುತ್ತದೆ: ಮೊದಲ ಅಂಕಿ ವಲಯ (1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು), ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷ, ಬ್ರಾಂಚು, ಕ್ರಮಸಂಖ್ಯೆ. ಅದು ಬಂದ ದಿನವೇ ಕಾಲೇಜು ಕಚೇರಿಯಲ್ಲಿ ನಿಮ್ಮ ಹೆಸರಿನ ಕಾಗುಣಿತವನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಮೊದಲ ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ತಿದ್ದಿಸಲು ಒಂದು ಅರ್ಜಿ ಸಾಕು, ಪದವಿ ಪ್ರಮಾಣಪತ್ರ ಬಂದ ಮೇಲಾದರೆ ಬೆಳಗಾವಿಯವರೆಗೂ ಅಲೆಯಬೇಕಾದೀತು.